ಎಡಗಡೆಯ ಹಿಂದಿನ ಚಕ್ರ

ಎಡಗಡೆಯ ಮುಂದಿನ ಚಕ್ರ ಮೂವತ್ತೆರಡು ಅಂದಿತು. ಬಾಯಿಬಿಟ್ಟೇನೂ ಅನ್ನಲಿಲ್ಲ, ಟಿವಿ ರಿಮೋಟಿನ ಅಣ್ಣನಂತಿದ್ದ ಆ ಸಾಧನವನ್ನು ಲಕ್ಷ್ಮಣಪ್ಪ ಗಾಳಿ ಹಿಡಿಯುವ ವಾಲ್ವಿನ ಹತ್ತಿರ ಹಿಡಿದು ಗುಂಡಿ ಒತ್ತಿದಾಗ ಅದು ಕೀಕ್ ಎಂದು ಸಣ್ಣಗೆ ಕೂಗಿ ಪರದೆಯ ಮೇಲೆ ಅಂಕಿ ತೋರಿಸಿತು, ಅಷ್ಟೆ. ಗಾಳಿ ಮೂವತ್ತೆರಡು, ಬಿಸಿ ಇಪ್ಪತ್ತೆಂಟು ಡಿಗ್ರಿ, ಬ್ಯಾಟರಿ ಓಕೆ. ಆದರೂ ಅವನ ಮೈ ಜುಮ್ಮೆಂದಿತು. ಮುಚ್ಚಿದ ಟೈರಿನೊಳಗೆ, ಕತ್ತಲಲ್ಲಿ, ತಾನು ಎಂದೂ ಕಣ್ಣಾರೆ ಕಾಣದ ಒಂದು ಸಣ್ಣ ವಸ್ತು ವರ್ಷಗಟ್ಟಲೆ ಕೂತಿದೆ; ಯಾರಾದರೂ ಬಂದು ಕೇಳಿದರೆ ನನಗೆ ಇಷ್ಟು ಗಾಳಿ, ಇಷ್ಟು ಸೆಕೆ ಎಂದು ಹೇಳುತ್ತದೆ, ಕೇಳದಿದ್ದರೆ ಸುಮ್ಮನಿರುತ್ತದೆ. ಇನ್ನೊಂದು ಸಲ ಗುಂಡಿ ಒತ್ತಿದ. ಮತ್ತೆ ಮೂವತ್ತೆರಡು. ಒಂದೇ ಪ್ರಶ್ನೆಗೆ ಎರಡು ಸಲವೂ ಒಂದೇ ಉತ್ತರ ಕೊಡುವವರನ್ನು ಅವನು ಕಂಡದ್ದೇ ಕಡಿಮೆ. ಆಯಸ್ಸೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದವನು. ಮಗುವಿನ ವಯಸ್ಸು ಕೇಳಿದರೆ ಅದೇ ತಾಯಿ ಮಡಕಶಿರಾದಲ್ಲಿ ಒಂದು, ಪಾವಗಡದಲ್ಲಿ ಇನ್ನೊಂದು ಹೇಳಿದ್ದನ್ನು ಕೇಳಿದ ಕಿವಿ ಅದು.

ಸಾಧನ ಹಿಂದಿನ ದಿನವಷ್ಟೇ ಕೊರಿಯರ್‌ನಲ್ಲಿ ಬಂದಿತ್ತು, ಜೊತೆಗೆ ಚಕ್ರದೊಳಗೆ ಕೂತು ಗಾಳಿ ಅಳೆಯುವ ಒಂದು ಹೊಸ ಖಾಲಿ ಸೆನ್ಸಾರು. ನಾಲ್ಕು ಚಕ್ರಗಳಲ್ಲಿ ಯಾವುದರ ಸೆನ್ಸಾರು ಸತ್ತಿದೆ ಎಂದು ಇದರಿಂದ ಕೇಳಿ ತಿಳಿಯಬಹುದು, ಸತ್ತಿದ್ದರೆ ಖಾಲಿಯದಕ್ಕೆ ಗುರುತಿನ ಅಂಕಿ ಬರೆದು ಅದರ ಜಾಗದಲ್ಲಿ ಕೂರಿಸಬಹುದು, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಫೋನಿನ ವಿಡಿಯೋದಲ್ಲಿ ಒಬ್ಬ ತೆಲುಗಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದ. ಹಿಂದೂಪುರದ ಟೈರ್ ಅಂಗಡಿಯವನೊಬ್ಬನಂತೂ ಕಾರಿನೊಳಗೆ ಆರದೆ ಉರಿಯುತ್ತಿದ್ದ ಚಕ್ರದ ದೀಪ ನೋಡಿ, 'ಆ ಲೈಟಿಗೆ ಯಾಕೆ ತಲೆ ಕೆಡಿಸ್ಕೊಂತೀರ ಸಾರ್, ಗಾಳಿ ಸರಿಯಾಗೈತೆ, ಅದ್ರ ಮೇಲೆ ಏನಾರ ಅಂಟಿಸ್ಬುಡಿ' ಎಂದು ನಕ್ಕಿದ್ದ. ಅವನ ಮಾತನ್ನು ನಡೆಸಿಕೊಟ್ಟವಳು ಹೆಂಡತಿ ಮುತ್ಯಾಲಮ್ಮ. ಸ್ಟೀರಿಂಗಿನ ಹಿಂದೆ ಹಳದಿಯಾಗಿ ಉರಿಯುತ್ತಿದ್ದ ದೀಪದ ಮೇಲೆ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ಕಿತ್ತು ಅಂಟಿಸಿ, 'ತಗಾ, ಮುತ್ತೈದೆ ಕಾರು' ಅಂದಿದ್ದಳು. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಪಾಪ, ದೀಪ ಬೊಟ್ಟಿನ ಹಿಂದೆಯೂ ಉರಿಯುತ್ತಲೇ ಇತ್ತು. ರಾತ್ರಿ ಹೊತ್ತು ಬೊಟ್ಟಿನ ಅಂಚಿನಿಂದ ಹಳದಿ ಬೆಳಕು ಸೋರುತ್ತಿತ್ತು.

ಅಳಿಯ ಸಾಯಿಕುಮಾರ ಅದನ್ನು ಕಂಡದ್ದು ಹೋದ ವಾರ, ಕಲ್ಯಾಣದುರ್ಗದಲ್ಲಿ, ಮಗಳು ಹರಿತಾಳ ಸೀಮಂತದ ದಿನ. ಹೂವಿನ ಬುಟ್ಟಿ ತರಲು ಪಕ್ಕದ ಸೀಟಿನಲ್ಲಿ ಕೂತವನು ಕೈಚಾಚಿ ಉಗುರಿನಿಂದ ಬೊಟ್ಟನ್ನು ಮೆಲ್ಲಗೆ ಎಬ್ಬಿಸಿದ. ದೀಪ ನೋಡಿದ. ಮತ್ತೆ ಬೊಟ್ಟನ್ನು ಅದೇ ಜಾಗದಲ್ಲಿ ಇಟ್ಟು ಹೆಬ್ಬೆರಳಿನಿಂದ ಒತ್ತಿ, ಕಿಟಕಿಯಾಚೆ ನೋಡುತ್ತಾ ಕೂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುಂಬಳಕಾಯಿ ಕಳ್ಳನ ಹಾಗೆ ಲಕ್ಷ್ಮಣಪ್ಪನೇ, 'ಅದೇನಿಲ್ಲ ಸಾಯಿ, ಸುಮ್ಕೆ ಉರೀತೈತೆ' ಅಂದ. ಅಂದದ್ದೇ ತಪ್ಪಾಯಿತು ಅನ್ನಿಸಿತು. ಈಗ, ಇಲ್ಲಿ, ಮನೆಯ ಮುಂದಿನ ಶೆಡ್ಡಿನಲ್ಲಿ ಮಂಡಿಯೂರಿ ಕೂತಿರುವಾಗಲೂ ಆ ಹೆಬ್ಬೆರಳು ತನ್ನ ಹಣೆಯನ್ನೇ ಒತ್ತಿದಂತಾಗಿ ಅವನು ಕೈಯಿಂದ ಹಣೆ ಒರೆಸಿಕೊಂಡ. ಸೀಮಂತ ಮುಗಿದ ಮಾರನೆಯ ದಿನ ಬೀಗರ ಮನೆಯಿಂದ ಮಾತು ಬಂತು: ಚೊಚ್ಚಲು ಬಾಣಂತನಕ್ಕೆ ಹುಡುಗಿಯನ್ನು ಕಳಿಸುವುದೇನೋ ಸರಿ, ಆದರೆ ನಿಮ್ಮ ಕಾರಿನಲ್ಲಿ ಬೇಡ, ನಾವೇ ಒಂದು ಗಾಡಿ ಮಾಡಿ ಕಳಿಸುತ್ತೇವೆ. ತವರಿನವರು ಬಂದು ಮಡಿಲು ತುಂಬಿಸಿ ಕರೆದುಕೊಂಡು ಹೋಗುವ ಹುಡುಗಿಯನ್ನು ಬಾಡಿಗೆ ಡ್ರೈವರ್ ತಂದು ಬಾಗಿಲಲ್ಲಿ ಇಳಿಸುವುದೆಂದರೆ, ನೀನು ಅಪ್ಪನಾಗಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದ ಹಾಗಲ್ಲವೆ? ಲಕ್ಷ್ಮಣಪ್ಪ ಬೇಡಿಕೊಂಡಿದ್ದ. ಕೊನೆಗೆ ಸಾಯಿಕುಮಾರ, 'ಸರಿ ಮಾವಯ್ಯ, ಗುರುವಾರ ಸಾಯಂಕಾಲದೊಳ್ಗೆ ಲೈಟು ಆರಿರೋ ಫೋಟೋ ಕಳ್ಸಿ. ಶುಕ್ರವಾರ ನೀವೇ ಬಂದು ಕರ್ಕೊಂಡು ಹೋಗಿ' ಅಂದಿದ್ದ. ಇವತ್ತು ಗುರುವಾರ.

ಕಾರು ಬಂದ್ ಮಾಡಿ ಫೋಟೋ ತೆಗೆದರೆ ಯಾವ ದೀಪವೂ ಉರಿಯುವುದಿಲ್ಲ, ಅದನ್ನೇ ಕಳಿಸಿದರಾಯಿತು ಎಂಬ ಯೋಚನೆ ಬೆಳಿಗ್ಗೆ ಹಲ್ಲುಜ್ಜುವಾಗ ಬಂದಿತ್ತು. ಬಂದದ್ದಕ್ಕೆ ನಾಚಿಕೆಯೂ ಆಗಿತ್ತು. ನಿಜ ಹೇಳಬೇಕೆಂದರೆ ಅವನನ್ನು ತಡೆದದ್ದು ನಾಚಿಕೆಯಲ್ಲ, ಕುತೂಹಲ. ದೀಪ ಏನನ್ನೋ ಹೇಳಲು ಹೆಣಗುತ್ತಿದೆ. ಪ್ರತಿ ಸಲ ಕಾರು ಶುರುವಾದಾಗ ಕೆಲಹೊತ್ತು ಮಿಣಮಿಣ ಮಿಟುಕಿ ಆಮೇಲೆ ಸುಮ್ಮನೆ ಉರಿಯುತ್ತದೆ. ಅದು ಗಾಳಿ ಕಮ್ಮಿಯಾದ ದೀಪವಲ್ಲ, ಕೂಗಿದರೆ ಒಬ್ಬ ಓಗೊಡುತ್ತಿಲ್ಲ ಎಂಬ ದೀಪ ಎಂದು ಕಾರಿನ ಪುಸ್ತಕದಲ್ಲಿ ಓದಿದ ಮೇಲೆ ಅವನಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಕಂಡಕ್ಟರನಿಗೆ ಇದಕ್ಕಿಂತ ದೊಡ್ಡ ಕಾಟ ಯಾವುದಿದೆ? ಹರಿದ ಟಿಕೆಟ್ಟಿಗೂ ಕೂತ ತಲೆಗೂ ತಾಳೆಯಾಗದಿದ್ದರೆ ಬ್ರಹ್ಮಸಮುದ್ರದ ಹತ್ತಿರ ಬಟ್ಟಬಯಲಲ್ಲಿ ಬಸ್ಸು ನಿಲ್ಲಿಸಿ ಎಣಿಸುತ್ತಿದ್ದ; ಡ್ರೈವರ್ ಬೀಡಿ ಹಚ್ಚಿಕೊಂಡು, 'ಎಣಿಸಪ್ಪಾ ಎಣಿಸು, ನಿಂಗೆ ಬರೋದು ಅದೊಂದೇ' ಎನ್ನುತ್ತಿದ್ದ. ಆ ಮಾತು ಚುಚ್ಚಿದ್ದರಿಂದಲೇ ತಲೆ ನರೆತ ಮೇಲೆ ಡ್ರೈವಿಂಗ್ ಕಲಿತದ್ದು, ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡದ್ದು.

ಫೋನು ಬಂತು. ಹರಿತಾ, ಕಲ್ಯಾಣದುರ್ಗದಿಂದ; ಸೀಮಂತಕ್ಕೆ ಹೋದ ಮುತ್ಯಾಲಮ್ಮ ಮಗಳ ಜೊತೆ ಅಲ್ಲೇ ಉಳಿದಿದ್ದಳು.

'ಅಪ್ಪಾ, ಏನ್ ಮಾಡ್ತಿದೀಯ?'

'ಚಕ್ರದ ತಾವ ಮಾತಾಡ್ತಿದೀನಿ ಕಣಮ್ಮ. ನಿಮ್ಮಮ್ಮ ಏನ್ ಮಾಡ್ತಾವ್ಳೆ ಅಲ್ಲಿ?'

'ಅಮ್ಮ ಅತ್ತೆ ಜೊತೆ ಅಡುಗೆಮನೇಲವ್ಳೆ. ಅಪ್ಪಾ, ಅಜ್ಜಿ ಹೆಂಗವ್ಳೆ? ಊಟ ಮಾಡ್ತಾವ್ಳಾ?'

'ಮಾಡ್ತಾವ್ಳೆ, ಅವ್ಳಿಗೇನು. ಲೈಟು ಸಾಯಂಕಾಲಕ್ಕೆ ಆರಿಸ್ತೀನಿ ಅಂತ ಸಾಯಿಗೆ ಹೇಳು.'

'ಲೈಟಿನ ಮಾತು ಬಿಡಪ್ಪ,' ಅಂದಳು ಹರಿತಾ. ಇನ್ನೇನನ್ನೋ ಹೇಳಲು ಹೋಗಿ, ಯಾರೋ ಬಂದರು ಎಂದು ಫೋನಿಟ್ಟಳು.

ಬಿಡು ಎಂದರೆ ಹೇಗೆ ಬಿಡುವುದು? ಅವನು ಎದ್ದು ಬಲಗಡೆಗೆ ಹೋದ. ಆ ಬದಿಗೆ ಎಳೆಬಿಸಿಲು ಬೀಳುತ್ತಿತ್ತು. ಮುಂದಿನ ಚಕ್ರ ಮೂವತ್ತಮೂರು ಅಂದಿತು, ಬಿಸಿ ಮೂವತ್ತೊಂದು, ಹಿಂದಿನದೂ ಹಾಗೇ. ಬಿಸಿಲಿಗೆ ಒಂದು ಅಂಕಿಯಷ್ಟು ಗಾಳಿ ಉಬ್ಬಿದೆ! ಅವನಿಗೆ ಮಕ್ಕಳ ಖುಷಿಯಾಯಿತು. ಹಾಗಾದರೆ ನೆರಳಲ್ಲಿರುವ ಎಡಗಡೆಯವು ತಣ್ಣಗೇ ಇರಬೇಕು. ಉಳಿದದ್ದು ಎಡಗಡೆಯ ಹಿಂದಿನದು, ಸತ್ತದ್ದು ಅದೇ. ಆ ಚಕ್ರದ ಪಕ್ಕದ ಕಟ್ಟೆಯ ಮೇಲೆ ಅವನ ತಾಯಿ ಬೀರಕ್ಕ ಕಾಲು ಇಳಿಬಿಟ್ಟು, ಮೊಮ್ಮಗಳಿಗೆ ಉಂಡೆ ಕಟ್ಟಲು ಕಡಲೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ಚಕ್ರದ ಮೇಲೆಲ್ಲ ಬಿದ್ದಿತ್ತು. 'ಸ್ವಲ್ಪ ಕಾಲು ತೆಗಿಯವ್ವ' ಎಂದು ಅವನು ಸಂದಿಯಲ್ಲಿ ತೂರಿ ಗುಂಡಿ ಒತ್ತಿದ. ಉತ್ತರ ಬರಲಾರದೆಂದು ಕಾಯದೆಯೇ ಏಳಲು ಹೊರಟಿದ್ದ. ಕೀಕ್ ಎಂದಿತು. ಗಾಳಿ ಸೊನ್ನೆ. ಬಿಸಿ ಮೂವತ್ತೈದು.

ಅವನು ಪರದೆಯನ್ನು ಪಂಚೆಯಿಂದ ಒರೆಸಿ ನೋಡಿದ. ಸೊನ್ನೆಯೇ. ಟೈರಿಗೆ ಗುದ್ದಿದರೆ ಗಟ್ಟಿಯಾಗಿ ನಿಂತಿದೆ. ಗಾಳಿ ನೋಡುವ ಹಳೆಯ ಕಡ್ಡಿ ಮೀಟರ್ ಇಟ್ಟರೆ ಮೂವತ್ತೆರಡು. ಒಳಗೆ ಕೂತವನು ಮಾತ್ರ ಗಾಳಿಯೇ ಇಲ್ಲ ಎನ್ನುತ್ತಾನೆ. ಅದಾದರೂ ಇರಲಿ, ನೆರಳಲ್ಲಿ ಕೂತ ಚಕ್ರಕ್ಕೆ ಬಿಸಿಲಿನ ಚಕ್ರಕ್ಕಿಂತ ಹೆಚ್ಚು ಬಿಸಿ ಎಲ್ಲಿಂದ ಬಂತು? ಮೂವತ್ತೈದು. ಆ ಅಂಕಿಯಲ್ಲಿ ಏನೋ ಗುರುತಿನ ವಾಸನೆಯಿತ್ತು. ಹರಿತಾ ಒಂದನೇ ಕ್ಲಾಸಿನಲ್ಲಿದ್ದಾಗ ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅಂಕಿ ಏರುವ ಮೊದಲೇ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿದ್ದ. ಕಲ್ಯಾಣದುರ್ಗದ ಬಸ್ ನಿಲ್ದಾಣದಿಂದ ಫೋನ್ ಮಾಡಿ ಎಷ್ಟಿತ್ತು ಎಂದು ಕೇಳಿದರೆ, 'ನೀನು ಇದ್ದು ನೋಡ್ಬೇಕಾಗಿತ್ತು' ಎಂದಿದ್ದಳು ಮುತ್ಯಾಲಮ್ಮ. ಆ ಕಾಣದ ಅಂಕಿ ಅವನ ಬೆನ್ನು ಬಿಟ್ಟಿರಲಿಲ್ಲ. ಮೂವತ್ತೈದು ಡಿಗ್ರಿ ಚಕ್ರದ ಬಿಸಿಯಲ್ಲ, ಮೈಯ ಬಿಸಿ ಎಂದು ಅನ್ನಿಸಿದ್ದಕ್ಕೆ ತಾನೇ ನಕ್ಕ.

ಬೀರಕ್ಕ ಸುಲಿದ ಬೀಜದ ಮೊರ ಎತ್ತಿಕೊಂಡು ಮಂಡಿ ಹಿಡಿದು ನರಳುತ್ತಾ ಒಳಗೆ ಹೋದಳು. ಅವನು ಮತ್ತೆ ಗುಂಡಿ ಒತ್ತಿದ. ಸಾಧನ ಸುತ್ತಿ ಸುತ್ತಿ ಹುಡುಕಿ, ಯಾರೂ ಸಿಗಲಿಲ್ಲ ಎಂದಿತು. ಮತ್ತೆ ಒತ್ತಿದ. ಇಲ್ಲ. ಚಕ್ರದ ಮೇಲೆ, ಕೆಳಗೆ, ಒಳಬದಿಗೆ ತೂರಿಸಿ ಹಿಡಿದ. ಇಲ್ಲ. ಈಗ ತಾನೇ ಮಾತಾಡಿದವನು ಎಲ್ಲಿಗೆ ಹೋದ? ಇಳಿಯಲು ನಿಲ್ದಾಣವೇ ಇಲ್ಲದ ಕಡೆ ಪ್ರಯಾಣಿಕ ಮಾಯವಾದ ಹಾಗೆ. ಬೀರಕ್ಕ ಇನ್ನೊಂದು ಮೊರ ಕಾಯಿ ತಂದು ಕೂತಳು. ಅವನು ಸುಮ್ಮನೆ, ಕೈ ಚಾಳಿಗೆ, ಗುಂಡಿ ಒತ್ತಿದ. ಕೀಕ್. ಸೊನ್ನೆ. ಮೂವತ್ತೈದು.

ಲಕ್ಷ್ಮಣಪ್ಪನಿಗೆ ವಿಡಿಯೋ ನೆನಪಾಯಿತು. ವಿಡಿಯೋದವನು ಒಂದು ಎಚ್ಚರಿಕೆ ಹೇಳಿದ್ದ: ಹತ್ತಿರದಲ್ಲಿ ಬೇರೆ ಸೆನ್ಸಾರು ಇಟ್ಟುಕೊಳ್ಳಬೇಡಿ, ಚಕ್ರದ ಬದಲು ಅದೇ ಉತ್ತರ ಕೊಟ್ಟುಬಿಡುತ್ತದೆ. ಖಾಲಿ ಸೆನ್ಸಾರು ಒಳಗೆ ಬೀರುವಿನಲ್ಲಿತ್ತು. ಅವನು ಸಾಧನವನ್ನು ಚಕ್ರದಿಂದ ಒಂದು ಗೇಣು ಸರಿಸಿ ಒತ್ತಿದ, ಉತ್ತರ ಬಂತು. ಇನ್ನೊಂದು ಗೇಣು ಕಟ್ಟೆಯ ಕಡೆಗೆ, ಬಂತು. ಸೀರೆಯ ನೆರಿಗೆಯ ಹತ್ತಿರ, ಮೊರದ ಅಂಚಿನ ಹತ್ತಿರ, ಕೊನೆಗೆ ತಾಯಿಯ ಸೊಂಟದ ಹತ್ತಿರ. ಎಲೆಅಡಿಕೆಯ ಸಂಚಿ ಸಿಕ್ಕಿಸಿಕೊಂಡ ಜಾಗದಲ್ಲಿ ಸಾಧನ ಒತ್ತಿದ ತಕ್ಷಣ ಕೂಗಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತಲ್ಲ!

'ಏನ್ಲಾ ಅದು, ನಂಗೆ ಜ್ವರ ನೋಡ್ತಿದೀಯಾ?' ಅಂದಳು ಬೀರಕ್ಕ.

'ಜ್ವರ ಇಲ್ಲ ಕಣವ್ವ. ನಿನ್ ಸಂಚೀಲಿ ಏನೈತೆ?'

'ಎಲೆ ಐತೆ, ಅಡಿಕೆ ಐತೆ. ಇನ್ನೇನಿರ್ತೈತೆ?' ಅನ್ನುತ್ತಾ ಮುದುಕಿ ಸಂಚಿಯ ಮೇಲೆ ಕೈಯಿಟ್ಟಳು. ಕೈಯಿಟ್ಟ ರೀತಿಯಲ್ಲೇ ಎಲ್ಲ ಗೊತ್ತಾಗುವಂತಿತ್ತು. ಟಿಕೆಟ್ ಇಲ್ಲದವರು ಜೇಬಿನ ಮೇಲೆ ಹಾಗೇ ಕೈಯಿಡುತ್ತಾರೆ.

'ಅವ್ವಾ, ಕಪ್ಪಗೆ, ಹುಣಸೆ ಬೀಜಕ್ಕಿಂತ ದೊಡ್ಡದು, ಗಟ್ಟಿಯಾಗಿರೋದು ಒಂದೈತಲ್ಲ.'

ಬೀರಕ್ಕನ ಮುಖ ಬಿಳಿಚಿತು. 'ಅದು ನಿಂಗೆ ಹೆಂಗ್ ಕಾಣಿಸ್ತು? ಆ ಮಿಷಿನ್ನು ಹೇಳ್ತಾ? ಹಂಗಾರೆ ನಿಜ್ವೇ ಕಣ್ಲಾ. ನಂಗೆ ಅವತ್ತೇ ಗೊತ್ತಿತ್ತು.'

ಅವತ್ತು ಎಂದರೆ ಯುಗಾದಿಯ ಮಾರನೆಯ ದಿನ. ಹಬ್ಬಕ್ಕೆ ಬೀಗರ ಮನೆಗೆ ಹೋಗಿ ಅಲ್ಲೇ ಉಳಿದು, ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಹಿಂದಿನ ಚಕ್ರ ನೆಲ ಕಚ್ಚಿತ್ತು. ಹೇಗೋ ಗಾಳಿ ತುಂಬಿಸಿಕೊಂಡು ಯರ್ರಿಸ್ವಾಮಿಯ ಪಂಕ್ಚರ್ ಅಂಗಡಿಗೆ ತಂದು, ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳಿಗೆ ಕಾಫಿ ತರಲೆಂದು ಲಕ್ಷ್ಮಣಪ್ಪ ಹೋದ. ಹೋದವನು ಹಳೆಯ ಡ್ರೈವರೊಬ್ಬ ಸಿಕ್ಕನೆಂದು ಮಾತಿಗೆ ನಿಂತ. ತಿರುಗಿ ಬರುವಷ್ಟರಲ್ಲಿ ಚಕ್ರ ಕೂಡಿಸಿ ಆಗಿತ್ತು. ವಾಲ್ವಿನ ರಬ್ಬರು ಕೊಳೆತು ಮುರಿದಿತ್ತು, ಬೇರೆ ಹಾಕಿದೆ ಎಂದ ಯರ್ರಿಸ್ವಾಮಿ. ಮುರಿದ ವಾಲ್ವಿನ ಬುಡದಲ್ಲಿದ್ದದ್ದನ್ನು ಬಿಚ್ಚಿ, 'ಅವ್ವಾ, ಇದಿ ಲೋಪಲ ಉಂಡಿಂದಿ, ಜಾಗ್ರತ್ತಗಾ ಪೆಟ್ಟುಕೋ' ಎಂದು, ಒಳಗಿತ್ತು ಜೋಪಾನವಾಗಿ ಇಟ್ಟುಕೋ ಎಂದು, ಮುದುಕಿಯ ಕೈಗೆ ಕೊಟ್ಟಿದ್ದನ್ನು ಅವನು ಹೇಳಲು ಮರೆತ. ಮುದುಕಿ ಹೇಳಲು ಮರೆಯಲಿಲ್ಲ, ಬೇಕೆಂದೇ ಹೇಳಲಿಲ್ಲ.

'ಕಾರು ರಾತ್ರಿಯೆಲ್ಲ ಅವ್ರ ಬಾಗಿಲಲ್ಲಿ ನಿಂತಿತ್ತು,' ಅಂದಳು ಬೀರಕ್ಕ, ದನಿ ತಗ್ಗಿಸಿ. 'ಬೆಳಗಾಗದ್ರೊಳ್ಗೆ ಚಕ್ರದ ಹೊಟ್ಟೇಲಿ ಇದು. ಮೇಲೆ ಏನೇನೋ ಬರ್ದೈತೆ, ನಮ್ಮ ಅಕ್ಷರ ಅಲ್ಲ, ತೆಲುಗೂ ಅಲ್ಲ. ಯಾರೋ ಮಾಡ್ಸಿ ಇಟ್ಟವ್ರೆ. ನಮ್ ಕೂಸು ಅದೇ ಕಾರಲ್ಲಿ ಬರ್ಬೇಕಲ್ಲ, ಹೊಟ್ಟೇಲಿ ಕೂಸು ಇಟ್ಕೊಂಡು.'

'ನಂಗೊಂದು ಮಾತು ಹೇಳ್ಬಾರ್ದಾ?'

'ಹೇಳಿದ್ರೆ ನೀನು ಬೀಗರ ತಾವ ಹೋಗಿ ಕೇಳ್ತಿದ್ದೆ. ಕೂಸು ಅಲ್ಲೇ ಬಾಳ್ಬೇಕಲ್ಲಪ್ಪ.'

'ಎಸೀಬೋದಾಗಿತ್ತು.'

'ಇಂಥಾವು ಬೆಂಕಿಗೆ ಹಾಕಂಗಿಲ್ಲ, ತಿಪ್ಪೆಗೆ ಎಸೆಯಂಗಿಲ್ಲ. ಹರಿಯೋ ನೀರಿಗೇ ಬಿಡ್ಬೇಕು. ಪೆನ್ನೇರಲ್ಲಿ ನೀರೆಲ್ಲೈತೆ, ನೀನೇ ಹೇಳು. ಮಳೆ ಬರೋಗಂಟ ಎಲ್ಲಾರ ಇಡ್ಬೇಕಲ್ಲ. ಮನೇಲಿಟ್ರೆ ಮನೆಗೆ, ಕಾರಲ್ಲಿಟ್ರೆ ಕೂಸಿಗೆ. ನನ್ ಮೈಮೇಲೆ ಇದ್ರೆ ನಂಗೆ ತಗಲ್ಲಿ ಅಂತ ಇಟ್ಕೊಂಡೆ. ತಗಲ್ತಾನೂ ಐತೆ, ಮಂಡಿ ನೋಡು ಹೆಂಗೆ ಊದೈತೆ.'

ಹುಡುಗನಾಗಿದ್ದಾಗ ಕುಂದುರ್ಪಿಯ ಮನೆಯಲ್ಲಿ ಅವನಿಗೆ ಜ್ವರ ಬಂದರೆ ಇವಳು ಉಪ್ಪು ನಿವಾಳಿಸಿ, ಆ ಉಪ್ಪಿನ ಕೈಯನ್ನು ತನ್ನ ತಲೆಗೇ ಒರೆಸಿಕೊಂಡು, 'ನಿಂದು ನಂಗೆ ಬರ್ಲಿ' ಎನ್ನುತ್ತಿದ್ದಳು. ಮಾರನೆಯ ದಿನ ಅವನು ಎದ್ದು ಆಡುತ್ತಿದ್ದ, ಅವಳು ಕಂಬಳಿ ಹೊದ್ದು ಮಲಗಿರುತ್ತಿದ್ದಳು. ಅವ್ವ ಜ್ವರವನ್ನು ಸಂತೆಯಿಂದ ತಂದ ಹಾಗೆ ತಂದುಕೊಂಡಳೆಂದೇ ಅವನು ಎಷ್ಟೋ ವರ್ಷ ನಂಬಿದ್ದ. ಈಗ ಅವಳ ಬಿಗಿಹಿಡಿದ ಕೈ ನೋಡುತ್ತಿದ್ದಂತೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಫಿ ತರಲು ಹೋದವನು ಸೀದಾ ಬಂದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ತಟ್ಟನೆ ಸೀಮಂತದ ದಿನದ ಊಟ ನೆನಪಾಯಿತು. ಬೀಗರ ಹೆಂಡತಿ ತಾನೇ ಹೋಳಿಗೆ ಬಡಿಸಿ ತುಪ್ಪ ಹಾಕಿದ್ದಳು. ಬೀರಕ್ಕ ಒಂದಗುಳೂ ಮುಟ್ಟದೆ ತುಂಬಿದ ಎಲೆಯನ್ನು ಹಾಗೇ ಮಡಿಸಿ ಎದ್ದಿದ್ದಳು. ನೀರು ಸಹ ತಾನು ತಂದ ಬಾಟಲಿಯದು. ಏನೋ ಹರಕೆ ಇರಬೇಕೆಂದುಕೊಂಡು ಲಕ್ಷ್ಮಣಪ್ಪ ಅವಸರದಲ್ಲಿ, 'ಅವ್ವಂಗೆ ಸೋಮವಾರ ಉಪವಾಸ' ಎಂದುಬಿಟ್ಟಿದ್ದ. ಬೀಗ ಆದಿನಾರಾಯಣ ಮೆಲ್ಲಗೆ, 'ಇವತ್ತು ಬುಧವಾರ ಬೀಗ್ರೇ' ಅಂದಿದ್ದ. ಸುತ್ತ ಕೂತವರು ಎಲೆಯ ಮೇಲೆ ಕಣ್ಣಿಟ್ಟು ಉಂಡಿದ್ದರು. ಗಾಡಿ ಮಾಡಿ ಕಳಿಸುತ್ತೇವೆ ಎಂಬ ಮಾತು ಬಂದದ್ದು ಅದರ ಮಾರನೆಯ ದಿನ. ಲೈಟಿನ ಮಾತು ಬಿಡಪ್ಪ ಎಂದು ಮಗಳು ಅಂದದ್ದು ಈಗ ಅರ್ಥವಾಗಿ ಅವನ ಕಿವಿ ಬಿಸಿಯಾಯಿತು.

ಒಳಗೆ ಹೋಗಿ ಬೀರು ತೆಗೆದು ಖಾಲಿ ಸೆನ್ಸಾರನ್ನು ತಂದು ತಾಯಿಯ ಅಂಗೈಯಲ್ಲಿಟ್ಟ. ಅವಳು ಕೈ ಹಿಂದಕ್ಕೆಳೆದುಕೊಂಡಳು, ಆಮೇಲೆ ನೋಡಿದಳು. ಸಂಚಿ ಬಿಚ್ಚಿ, ಅರಿಶಿನದ ಬಟ್ಟೆಯ ಗಂಟು ಬಿಚ್ಚಿ, ಕಪ್ಪನೆಯ ಇನ್ನೊಂದನ್ನು ಇದರ ಪಕ್ಕದಲ್ಲಿಟ್ಟಳು. ಎರಡೂ ಅವಳಿ. ಒಂದಕ್ಕೆ ಅರಿಶಿನ ಮೆತ್ತಿತ್ತು, ಸುಣ್ಣ ಮೆತ್ತಿತ್ತು.

'ಇದನ್ನ ಕಂಪನಿಯವ್ರೇ ಇಡ್ತಾರೆ ಕಣವ್ವ, ನಾಕು ಚಕ್ರಕ್ಕೂ. ಒಳ್ಗೆ ಗಾಳಿ ಎಷ್ಟೈತೆ ಅಂತ ಹೇಳಾಕೆ. ಕಾರು ಕೊಳ್ಳೋಕೆ ಮುಂಚೇನೇ ಇತ್ತು. ಬೀಗ್ರು ಏನೂ ಮಾಡಿಲ್ಲ.' ಎರಡನ್ನೂ ಕಟ್ಟೆಯ ಮೇಲೆ ಇಡಿಸಿ, ಎಡಗಡೆಯ ಮುಂದಿನ ಚಕ್ರದ ಬಳಿ ಅವಳನ್ನು ನಡೆಸಿಕೊಂಡು ಹೋಗಿ ಗುಂಡಿಯನ್ನು ಅವಳ ಬೆರಳಿನಿಂದಲೇ ಒತ್ತಿಸಿದ. ಕೀಕ್ ಎಂದಿತು. ಬಲಗಡೆಗೆ ಹೋಗಿ ಒತ್ತಿದಳು. ಕೀಕ್. ಕೊನೆಗೆ ಕಟ್ಟೆಯ ಮೇಲಿನ ಅರಿಶಿನದ್ದಕ್ಕೆ ತಾನೇ ಹಿಡಿದು ಒತ್ತಿದಳು. ಅದೂ ಕೂಗಿತು, ಉಳಿದವುಗಳ ದನಿಯಲ್ಲೇ.

ಬೀರಕ್ಕ ಕಟ್ಟೆಯ ಮೇಲೆ ಕೂತಳು. ಮೊರದ ಕಾಯಿಯನ್ನು ಮುಟ್ಟಲಿಲ್ಲ.

'ಹಂಗಾರೆ ನಾನು ಇಷ್ಟು ದಿನ ಹೊತ್ಕೊಂಡಿದ್ದು ಏನ್ಲಾ?' ಅಂದಳು.

ಸಮಾಧಾನ ಹೇಳಿದರೆ ಸುಳ್ಳಾಗುತ್ತಿತ್ತು, ಹೇಳದಿದ್ದರೆ ಕಟುವಾಗುತ್ತಿತ್ತು. ಕೆಡುಕೆಂದು ತಿಳಿದೂ ತನ್ನ ಚರ್ಮಕ್ಕೆ ಒತ್ತಿಟ್ಟುಕೊಂಡವಳಿಗೆ ಅದು ಬರೀ ಕಾರಿನ ಸಾಮಾನು ಎಂದು ರುಜುವಾತು ಮಾಡಿಕೊಟ್ಟ ತನ್ನ ಮೇಲೇ ಅವನಿಗೆ ಸಿಟ್ಟು ಬಂತು. ಬೀರಕ್ಕ ಸೊಂಟದ ಹತ್ತಿರ ಕೈಯಾಡಿಸಿ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಕೈ ತೆಗೆದಳು.

ಮಧ್ಯಾಹ್ನ ಟೈರ್ ಅಂಗಡಿಯಲ್ಲಿ ಹಳೆಯ ಸೆನ್ಸಾರಿನ ಅರಿಶಿನ, ಸುಣ್ಣ ಒರೆಸಿ, ಹೊಸದರ ಜೊತೆ ಬಂದಿದ್ದ ವಾಲ್ವನ್ನು ಅದಕ್ಕೆ ಹಾಕಿ ಚಕ್ರದೊಳಗೆ ಕೂಡಿಸಿದರು. ಸಾಧನದಿಂದ ಏನನ್ನೂ ಬರೆಯಬೇಕಾಗಿ ಬರಲಿಲ್ಲ. ಕಾರು ಅದರ ಗುರುತನ್ನು ಮರೆತೇ ಇರಲಿಲ್ಲ. ಸ್ವಲ್ಪ ದೂರ ಓಡಿಸಿ, ಅದೇ ಆರುತ್ತದೆ ಎಂದರು. ನಾನೂ ಬತ್ತೀನಿ ಎಂದು ಹಟ ಹಿಡಿದು ಬಂದಿದ್ದ ಬೀರಕ್ಕ ಹಿಂದಿನ ಸೀಟಿನಲ್ಲಿ, ಆ ಚಕ್ರದ ಮೇಲ್ಗಡೆಯೇ ಕೂತಳು. ಲೇಪಾಕ್ಷಿಯ ರಸ್ತೆಯಲ್ಲಿ ಹೋಗುತ್ತಿದ್ದಂತೆ ಲಕ್ಷ್ಮಣಪ್ಪ ಬೊಟ್ಟನ್ನು ಕಿತ್ತು ತೆಗೆದ. ದೀಪ ಉರಿಯುತ್ತಿತ್ತು. ಅವನು ರಸ್ತೆಗಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದ. ಎದುರಿಗೆ ಕುರಿಮಂದೆ ಬಂದು ಬ್ರೇಕ್ ಹಾಕಿ, ಕುರಿಗಳು ಆಚೆ ಈಚೆ ಸರಿದು ಹೋದ ಮೇಲೆ ನೋಡುತ್ತಾನೆ, ದೀಪವಿಲ್ಲ. ಯಾವಾಗ ಆರಿತೋ! ಅಷ್ಟು ಕಾದವನ ಕಣ್ಣು ತಪ್ಪಿಸಿ ಆರಿತ್ತು. ಅವನು ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟೇ, ಫೋಟೋ ತೆಗೆದ.

'ಫೋಟೋ ಆಮೇಲೆ ಕಳ್ಸೀವಂತೆ,' ಅಂದಳು ಬೀರಕ್ಕ ಹಿಂದಿನಿಂದ. 'ಮೊದ್ಲು ಆದಿನಾರಾಯಣಂಗೆ ಫೋನ್ ಹಚ್ಚು.'

'ಯಾಕವ್ವ?'

'ಹಚ್ಚೋ ಅಂದ್ರೆ.'

ಹಚ್ಚಿ, ದನಿ ಜೋರಾಗಿ ಕೇಳುವಂತೆ ಮಾಡಿ ಹಿಂದಕ್ಕೆ ಚಾಚಿದ. ಆ ಕಡೆ ಆದಿನಾರಾಯಣ, 'ಹೇಳಿ ಬೀಗ್ರೇ' ಅಂದ, ಬಿಗಿದ ದನಿಯಲ್ಲಿ.

'ನಾನಪ್ಪ, ಬೀರಕ್ಕ. ನಾಳೆ ಕೂಸನ್ನ ಕರ್ಕೊಂಡೋಗಾಕೆ ನಾನೂ ಬತ್ತೀನಿ. ಊಟದ ಹೊತ್ಗೆ ಬತ್ತೀವಿ. ನಂಗೂ ಒಂದು ಎಲೆ ಹಾಕ್ಸು.'

ಆ ಕಡೆ ದೂರದಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಕೇಳಿತು.

'ಬಾರವ್ವಾ,' ಅಂದ ಆದಿನಾರಾಯಣ ಕೊನೆಗೆ. ದನಿ ಬೇರೆಯಾಗಿತ್ತು. 'ನಿಂಗೆ ಏನ್ ಮಾಡ್ಸಾನ, ಹೇಳು.'

'ಅವತ್ತು ಎಲೇಲಿ ಬಿಟ್ಟು ಎದ್ನಲ್ಲಪ್ಪಾ,' ಅಂದಳು ಬೀರಕ್ಕ, 'ಅದೇ ಮಾಡ್ಸು.'

ಫೋಟೋ ಕಳಿಸುವುದನ್ನು ಲಕ್ಷ್ಮಣಪ್ಪ ಮರೆತೇಬಿಟ್ಟ. ಆ ಕಡೆಯಿಂದಲೂ ಯಾರೂ ಕೇಳಲಿಲ್ಲ.